ಬಲಗಡೆಯ ಮನೆ

ನಮ್ಮ ರಾಜ್ಯದಲ್ಲಿ ಎಲ್ಲರನ್ನೂ ಎಣಿಸುವುದು ಅಪರಾಧ. ಮೊದಲು ಹಾಗಿರಲಿಲ್ಲವಂತೆ. ಹತ್ತು ವರ್ಷಕ್ಕೊಮ್ಮೆ ಮೇಷ್ಟ್ರುಗಳು ಮನೆಮನೆಗೆ ಹೋಗಿ ತಲೆ ಎಣಿಸುತ್ತಿದ್ದರಂತೆ. ಆಮೇಲೆ ಒಂದು ಸಲ ಆ ಮಹಾಪಟ್ಟಿ ಕಳುವಾಯಿತು. ಯಾರ ಮನೆಯಲ್ಲಿ ಯಾರಿದ್ದಾರೆ, ಯಾವ ಜಾತಿ, ಯಾವ ರೋಗ ಎಲ್ಲವೂ ಪುಂಡರ ಕೈ ಸೇರಿ ಮೂರು ಊರುಗಳಲ್ಲಿ ಆಗಬಾರದ್ದು ಆಯಿತು. ಅಂದಿನಿಂದ ಎಲ್ಲರ ಪಟ್ಟಿ ಯಾರ ಹತ್ತಿರವೂ ಇರಕೂಡದೆಂದು ಕಾನೂನು ಬಂತು. ಏನು ತಿಳಿಯಬೇಕಿದ್ದರೂ ಮನೆಸಂಖ್ಯೆಗಳಲ್ಲಿ ಒಂದಿಷ್ಟನ್ನು ಚೀಟಿ ಎತ್ತಿದಂತೆ ಆರಿಸು, ಆ ಮನೆಗಳಲ್ಲಿ ಮಾತ್ರ ಕೇಳು, ಹೆಸರು ಅಳಿಸು, ಸಿಕ್ಕದ್ದರಿಂದ ಊರಿಗೆಲ್ಲ ಅಂದಾಜು ಕಟ್ಟು. ಹೀಗೆ ಅಂದಾಜು ಕಟ್ಟುವ ಕಚೇರಿಗೆ ಮಾದರಿ ಮಂಡಳಿ ಎಂದು ಹೆಸರು. ಅಲ್ಲಿ ನಾನು ಹನ್ನೊಂದು ವರ್ಷ ದುಡಿದೆ.

ನಾನು ಸುಗಂಧಾ ಬಣಕಾರ. ಮಂಡಳಿ ಸೇರುವ ಮೊದಲು ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಸಂಖ್ಯಾಶಾಸ್ತ್ರ ಹೇಳುತ್ತಿದ್ದೆ. ಬಾಯಿ ಜೋರು ಎಂದು ಹೆಸರು, ಅದು ಸುಳ್ಳೇನೂ ಅಲ್ಲ. ವಿಶ್ವಾಸಾಂತರದ ಪಾಠ ಬಂದಾಗಲಂತೂ ಗಂಟಲು ಹರಿಯುವಂತೆ ಕೂಗುತ್ತಿದ್ದೆ. “ಲೇ, ಮಾದರಿಯಿಂದ ಸಿಗೋದು ಒಂದು ಸಂಖ್ಯೆ ಅಲ್ಲ, ಒಂದು ಅಂತರ. ಇಲ್ಲಿಂದ ಇಲ್ಲಿವರೆಗೆ ಅಂತ. ಇದೇ ರೀತಿ ನೂರು ಸಲ ಮಾದರಿ ತೆಗೆದು ನೂರು ಅಂತರ ಕಟ್ಟಿದ್ರ, ಸುಮಾರು ತೊಂಬತ್ತೈದರ ಒಳಗ ಊರಿನ ನಿಜ ಸಿಕ್ಕಿರ್ತದ. ಈಗ ನಿನ್ನ ಕೈಯಾಗಿರೋ ಒಂದರೊಳಗ ಅದ ಇಲ್ಲೋ ಅನ್ನೋದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ತೊಂಬತ್ತೈದು ಅನ್ನೋದು ರೀತಿಗೆ ಕೊಟ್ಟ ಮಾರ್ಕು, ನಿನ್ನ ಉತ್ತರಕ್ಕಲ್ಲ!” ಇದನ್ನು ತಪ್ಪು ಬರೆದವರಿಗೆ ಪೂರ್ತಿ ಐದು ಅಂಕ ಕತ್ತರಿಸುತ್ತಿದ್ದೆ. ಎಷ್ಟು ಮಕ್ಕಳ ಶಾಪ ತಟ್ಟಿತೋ ಏನೋ, ಆ ಐದು ಅಂಕ ಕೊನೆಗೆ ನನ್ನ ಪಾಲಿಗೇ ಬಂತು.

ನಮ್ಮೂರು ಕದಿರಾಪುರ. ಹನ್ನೊಂದು ಸಾವಿರ ಮನೆ, ಅದರಲ್ಲಿ ಅರ್ಧದಷ್ಟರಲ್ಲಿ ವಿದ್ಯುತ್ ಮಗ್ಗ. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಸಂಜೆ ಆರರ ತನಕ ಊರು ಧಡಧಡ ಧಡಧಡ ಎನ್ನುತ್ತಿರುತ್ತದೆ. ಹೊರಗಿನಿಂದ ಬಂದವರು ಎರಡು ದಿನ ತಲೆನೋವೆಂದು ಮಲಗುತ್ತಾರೆ. ನಮಗೆ ಮಗ್ಗ ನಿಂತರೇ ಎದೆ ಧಸಕ್ಕೆನ್ನುತ್ತದೆ. ನನ್ನ ಗಂಡ ಮಹಾರುದ್ರ ಅವರದು ನಾಲ್ಕು ಮಗ್ಗ. ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತಲೇ “ಮೂರನೇದರಾಗ ಎಳಿ ಹರೀತು” ಎಂದು ಎದ್ದು ಹೋಗುತ್ತಿದ್ದರು. ಹೋಗಿ ನೋಡಿದರೆ ಹರಿದೇ ಇರುತ್ತಿತ್ತು. ಅಂಥ ಕಿವಿ. ಆ ಕಿವಿಯನ್ನೇ ಮಗ್ಗ ಸ್ವಲ್ಪ ಸ್ವಲ್ಪವಾಗಿ ತಿಂದಿತು. ನಲವತ್ತನಾಲ್ಕಕ್ಕೆ ಎಡಗಿವಿ ಪೂರ್ತಿ ಹೋಯಿತು. ಬಲಗಿವಿಯ ನರದಲ್ಲಿ ಇನ್ನೊಂದು ವರ್ಷದ ಜೀವ ಇದೆ ಎಂದು ಆರೋಗ್ಯ ಕೇಂದ್ರದ ಡಾಕ್ಟರಮ್ಮ ಹೇಳಿದ್ದರು. ನಾನು ಯಾವಾಗಲೂ ಅವರ ಬಲಕ್ಕೇ ಕೂತು, ಬಾಯಿ ಕಿವಿಗೆ ಹತ್ತಿರ ಇಟ್ಟು ಮಾತಾಡುತ್ತಿದ್ದೆ. ಹೊಸದಾಗಿ ಮದುವೆಯಾದವರ ಹಾಗೆ ಕಾಣುತ್ತೀರಿ ಎಂದು ಓಣಿಯವರು ಛೇಡಿಸುತ್ತಿದ್ದರು.

ಇದಕ್ಕೆ ಮದ್ದೂ ಬಂದಿತ್ತು. ಕಿವಿಮಣಿ ಎನ್ನುತ್ತಾರೆ, ಜೋಳದ ಕಾಳಿನಷ್ಟು ದೊಡ್ಡದು. ಕಿವಿಯೊಳಗೆ ಕೂರಿಸಿದರೆ ಉಳಿದಿರುವ ನರಕ್ಕೆ ನೇರವಾಗಿ ಸದ್ದು ಮುಟ್ಟಿಸುತ್ತದೆ. ಒಂದು ಎಳೆ ನರ ಬದುಕಿದ್ದರೂ ಸಾಕು, ಮೊದಲಿನ ಹಾಗೇ ಕೇಳಿಸುತ್ತದೆ. ನರ ಪೂರ್ತಿ ಸತ್ತರೆ ಮಣಿ ಬರೀ ಮಣಿ. ಅದು ಅಂಗಡಿಯಲ್ಲಿ ಸಿಗುವ ಮಾಲಲ್ಲ. ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಕಿವುಡರು ಎಂದು ಮಂಡಳಿ ಹೇಳಿದ ಊರಿಗೆ ಮಾತ್ರ ಸರಕಾರ ಮಣಿ ಕಳಿಸುತ್ತಿತ್ತು. ಅಂತರದ ಕೆಳತುದಿಯೇ ಹತ್ತನ್ನು ದಾಟಿರಬೇಕು.

ಆ ವರ್ಷ ಜನವರಿಯಲ್ಲಿ ಕದಿರಾಪುರದ ಸರದಿ. ನಿಯಂತ್ರಣ ಕೊಠಡಿಯ ಗೋಡೆಯ ತುಂಬ ನಮ್ಮೂರಿನ ನಕಾಶೆ, ಅದರ ಮೇಲೆ ಆರುನೂರು ಹಸಿರು ಚುಕ್ಕೆ. ಮನೆಗೆ ಹೋಗಿ ಕೇಳುವ ಕೆಲಸ ಯಂತ್ರಗಳದು. ಸೊಂಟದೆತ್ತರ, ಮೂರು ಗಾಲಿ, ಒಂದು ರಬ್ಬರಿನ ಮುಷ್ಟಿ. ಜನ ಅದಕ್ಕೆ ತಟ್ಟಣ್ಣ ಎಂದು ಹೆಸರಿಟ್ಟಿದ್ದರು. ಕದ ತೆರೆದವರಲ್ಲಿ ಒಬ್ಬರಿಗೆ ಟೊಪ್ಪಿಗೆ ತೊಡಿಸಿ, ಸಣ್ಣ ಸದ್ದು, ದೊಡ್ಡ ಸದ್ದು ಕೇಳಿಸಿ, ಕಿವಿ ಅಳೆದು ಹೋಗುತ್ತಿತ್ತು. ತಟ್ಟಣ್ಣ ಹೇಗೆ ನಡೆಯಬೇಕೆಂಬ ನಿಯಮಗಳನ್ನೆಲ್ಲ ಬರೆದವಳು ನಾನು. ಹದಿನಾಲ್ಕನೆಯ ನಿಯಮ ಹೀಗಿತ್ತು: ಮೂರು ಸಲ ಕದ ತಟ್ಟುವುದು, ತೊಂಬತ್ತು ಸೆಕೆಂಡು ಕಾಯುವುದು, ಉತ್ತರ ಬಾರದಿದ್ದರೆ ಬಲಗಡೆಯ ಮನೆಗೆ ಹೋಗುವುದು.

ಉತ್ತರ ಬಂತು: ನೂರಕ್ಕೆ ಆರು. ಅಂತರ, ನಾಲ್ಕರಿಂದ ಎಂಟು.

ಸಂಜೆ ಮನೆಗೆ ಬಂದು ಬಲಗಿವಿಯಲ್ಲಿ ಹೇಳಿದೆ. ಮಹಾರುದ್ರ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು.

“ಆರ? ಯಾವ ಊರಾಗ?”

“ನಮ್ಮೂರಾಗ.”

“ನಿನಗೇನ ತಲಿ ಕೆಟ್ಟೈತಿ? ನಮ್ಮ ಓಣ್ಯಾಗ ಹತ್ತು ಮಂದಿ ಹಿಡದ್ರ ಮೂರು ಮಂದಿಗೆ ಕೇಳಂಗಿಲ್ಲ. ಸಂಜೀಕ ಕಟ್ಟಿ ಮ್ಯಾಲೆ ಕುಂತು ಮಾತಾಡೋದು ನೋಡಿಯಲ್ಲ, ಜಗಳಕ್ಕ ನಿಂತಂಗ ಒದರತೀವಿ.”

“ನಿಮ್ಮ ಓಣಿ ಅಂದ್ರ ಊರಲ್ರೀ. ಕಣ್ಣಿಗೆ ಕಂಡದ್ದೆಲ್ಲಾ ಮಾದರಿ ಆಗೂದಿಲ್ಲ. ಚೀಟಿ ಎತ್ತಿ ಆರಿಸಿದ್ದು ಮಾದರಿ.”

“ಹಂಗಾರ ಚೀಟಿ ಯಾರ ಮನಿಗೆ ಬಿತ್ತು? ಕಿರಾಣಿ ಅಂಗಡಿಯವರ ಮನಿಗೇನು?”

ನಾನು ನಕ್ಕುಬಿಟ್ಟೆ. ಹನ್ನೊಂದು ವರ್ಷದ ಗರ್ವದ ನಗೆ ಅದು. ಎಂಟನೆಯ ಇಯತ್ತೆಗೆ ಸಾಲೆ ಬಿಟ್ಟ ಗಂಡ ನನಗೆ ಮಾದರಿ ಎಂದರೇನೆಂದು ಹೇಳಿಕೊಡುವುದೇ? ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಆ ಮಾತನ್ನು ಆ ದಿನವೇ ಕಿವಿಗೆ ಹಾಕಿಕೊಂಡಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಆದರೂ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಮರುದಿನ ನಮ್ಮ ನಿರ್ದೇಶಕ ನಂಜರಾಜ ಅವರ ಕೋಣೆಗೆ ಹೋದೆ. ಮೈಸೂರು ಕಡೆಯವರು, ನಯವಾದ ಮನುಷ್ಯ, ಸಿಟ್ಟು ಬಂದರೂ ಸಕ್ಕರೆ ಬೆರೆಸಿಯೇ ಆಡುವವರು.

“ಸರ್, ಆರುನೂರು ಮನೆ ಕಡಿಮೆ ಆಯ್ತು ಅನ್ನಿಸ್ತದೆ. ನಾಲ್ಕು ಪಟ್ಟು ಕೊಡಿ. ಎರಡು ಸಾವಿರದ ನಾನೂರು.”

“ಯಾಕಮ್ಮಾ? ಅನ್ನ ಬೆಂದಿದ್ಯಾ ನೋಡೋಕೆ ಒಂದಗಳು ಹಿಚುಕಿದ್ರೆ ಸಾಕು ಅಂತ ನೀವೇ ಭಾಷಣ ಮಾಡ್ತಿದ್ರಿ.”

“ನಮ್ಮೂರು ಸರ್. ಮನಸ್ಸಿಗೆ ಸಮಾಧಾನ ಬೇಕು. ಅಂತರ ಅರ್ಧಕ್ಕೆ ಇಳೀತದೆ.”

“ಆಯ್ತು ಬಿಡಿ. ಹೊಳೆಗೆ ಸುರಿದರೂ ಅಳೆದು ಸುರಿ ಅಂತಾರೆ. ಆದ್ರೆ ನಿಯಮ ಗೊತ್ತಲ್ಲ, ಒಂದೇ ಊರನ್ನ ಒಂಬತ್ತು ತಿಂಗಳ ಒಳಗೆ ಎರಡನೇ ಸಲ ಮುಟ್ಟೋ ಹಾಗಿಲ್ಲ.”

“ಕಾಯ್ತೀನಿ ಸರ್” ಎಂದೆ.

ಎಷ್ಟು ಸಲೀಸಾಗಿ ಹೇಳಿದೆ! ನರಕ್ಕೆ ಇರುವುದೇ ಹನ್ನೆರಡು ತಿಂಗಳು, ಅದರಲ್ಲಿ ಒಂಬತ್ತನ್ನು ನನ್ನ ಮನಸ್ಸಿನ ಸಮಾಧಾನಕ್ಕೆ ಎತ್ತಿಕೊಟ್ಟೆ. ಮಾದರಿ ಹಿಗ್ಗಿದರೆ ನಿಜ ತಾನಾಗಿ ಬಂದು ಬಲೆಗೆ ಬೀಳುತ್ತದೆ ಎಂದು ನಂಬಿದ್ದೆ. ಯಾರ ಮನೆಯ ಕದ ತೆರೆಯಿತು, ಯಾರದು ತೆರೆಯಲಿಲ್ಲ ಎಂದು ಕೇಳಿಕೊಳ್ಳಲು ಒಂದು ಮಧ್ಯಾಹ್ನ ಸಾಕಿತ್ತು.

ಆ ಒಂಬತ್ತು ತಿಂಗಳಲ್ಲಿ ಮನೆಯೊಳಗೆ ಏನಾಯಿತೆಂದರೆ, ಮಾತು ಕಡಿಮೆಯಾಯಿತು. ಮೊದಲು ಚಹಾ ಹೊತ್ತಿಗೆ ಪೇಪರು ಓದಿ ಹೇಳುತ್ತಿದ್ದೆ, ಅವರು ಅದಕ್ಕೆ ಇದಕ್ಕೆ ಕುಹಕ ಆಡುತ್ತಿದ್ದರು. ಮಳೆಗಾಲದ ಹೊತ್ತಿಗೆ ತಲೆಬರಹ ಮಾತ್ರ ಕೂಗುತ್ತಿದ್ದೆ. ದಸರೆಯ ಹೊತ್ತಿಗೆ ಅವರೇ “ಬ್ಯಾಡ ಬಿಡು, ನಿನ್ನ ಗಂಟಲು ಹೋಗತೈತಿ” ಎಂದು ಪೇಪರು ಕಸಿದುಕೊಂಡರು. ಒಂದು ದಿನ ಮೂರನೆಯ ಮಗ್ಗದಲ್ಲಿ ಎಳೆ ಹರಿದು ಅರ್ಧ ಸೀರೆ ಹಾಳಾಗುವ ತನಕ ಅವರಿಗೆ ತಿಳಿಯಲಿಲ್ಲ. ಹಾಳಾದ ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ನಾನು ಬೆನ್ನ ಮೇಲೆ ಕೈ ಇಟ್ಟರೆ, “ಇನ್ನೂ ಸ್ವಲ್ಪ ಕೇಳತೈತಿ, ಇನ್ನೂ ಸ್ವಲ್ಪ ಐತಿ” ಎಂದು ನನಗೇ ಧೈರ್ಯ ಹೇಳಿದರು. ನನಗೆ ನನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು, ಆದರೆ ಯಾಕೆಂದು ಆಗ ಗೊತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಎರಡನೆಯ ಸಮೀಕ್ಷೆ ಮುಗಿಯಿತು. ಎರಡು ಸಾವಿರದ ನಾನೂರು ಚುಕ್ಕೆಗಳಿಂದ ನಕಾಶೆ ಹಸಿರೋ ಹಸಿರು. ಉತ್ತರ: ನೂರಕ್ಕೆ ಐದೂ ಮುಕ್ಕಾಲು. ಅಂತರ ನಾಲ್ಕೂ ಮುಕ್ಕಾಲರಿಂದ ಆರೂ ಮುಕ್ಕಾಲು. ನಾಲ್ಕು ಪಟ್ಟು ಮಾದರಿ, ಅರ್ಧ ಅಗಲ, ಪುಸ್ತಕದಲ್ಲಿ ಇದ್ದ ಹಾಗೇ. ಸಹೋದ್ಯೋಗಿಗಳು ಬಂದು ಕೈ ಕುಲುಕಿದರು. ಇಷ್ಟು ಕಿರಿದಾದ ಅಂತರವನ್ನು ಆ ವರ್ಷ ಮಂಡಳಿ ಕಂಡಿರಲಿಲ್ಲ. ಕದಿರಾಪುರಕ್ಕೆ ಮಣಿ ಇಲ್ಲ ಎಂಬ ಪತ್ರದ ಕರಡನ್ನು ನಾನೇ ತಿದ್ದಿದೆ.

ಮರುದಿನ ಭಾನುವಾರ. ಪಕ್ಕದ ಮನೆಯ ನೀಲವ್ವ ಹಪ್ಪಳ ಒಣಹಾಕುತ್ತಿದ್ದಳು. ಅವಳದು ಹಪ್ಪಳದ ವ್ಯಾಪಾರ, ಮನೆಯಲ್ಲಿ ಮಗ್ಗ ಇಲ್ಲ, ಕಿವಿ ಬಲು ಚುರುಕು. ನಮ್ಮ ಮನೆಯ ಬಲಕ್ಕೆ ಅವಳ ಮನೆ. ಅವಳ ಹಿತ್ತಲ ಬಾಗಿಲು ತೆರೆಯುವುದು ಹಿಂದಿನ ಓಣಿಯ ಮಗ್ಗದ ಮನೆಗಳ ಸಾಲಿಗೆ.

“ಯವ್ವಾ ಸುಗಂಧಾ, ನಿಮ್ಮ ತಟ್ಟಣ್ಣಗ ನನ್ನ ಮ್ಯಾಲೆ ಯಾಕಿಷ್ಟು ಮೋಹ ಬಂದೈತಿ?” ಎಂದಳು.

“ಯಾಕ, ಏನ್ ಮಾಡಿದ?”

“ಈ ತಿಂಗಳದಾಗ ಎರಡು ಸರತಿ ಬಂದ. ಒಮ್ಮೆ ಮುಂಬಾಗಿಲಿಗೆ, ಒಮ್ಮೆ ಹಿತ್ತಲ ಬಾಗಿಲಿಗೆ. ಜನವರ್‍ಯಾಗೂ ಬಂದಿದ್ದ. ಮೂರೂ ಸಲ ಟೊಪಗಿ ಹಾಕಿದ, ಮೂರೂ ಸಲ ಎಲ್ಲಾ ಕೇಳತೈತಿ ಅಂದೆ. ಊರಾಗ ಬ್ಯಾರೆ ಹೆಂಗಸರು ಇಲ್ಲೇನ ಅವಗ?”

ನಾನು ನಗಲಿಲ್ಲ. ಹನ್ನೊಂದು ಸಾವಿರ ಮನೆ, ಮೂರು ಸಲ ನೀಲವ್ವ. ಚೀಟಿ ಅವಳನ್ನು ಇಷ್ಟು ಪ್ರೀತಿಸುವುದಿಲ್ಲ.

“ಮೊದಲು ಯಾರ ಮನಿಗೆ ಹೋಗಿದ್ದ ನೋಡಿದೇನು?”

“ನೋಡದೆ ಏನು? ಜನವರ್‍ಯಾಗ ನಿಮ್ಮ ಮನಿ ಮುಂದನ ನಿಂತಿದ್ದ. ಟಪ್ ಟಪ್ ಟಪ್ ಅಂದ. ಒಳಗ ಮಗ್ಗ ಕುಣೀತಿದ್ವು, ರುದ್ರಣ್ಣಗ ಏನು ಕೇಳಬೇಕು? ಕದ ತಟ್ಟಿದ್ರ ಮಗ್ಗದವರು ಬರತಾರೇನ? ಗುಂಡಿ ಒತ್ತಬೇಕು ಅನ್ನೂದೂ ತಿಳಿಯೂದಿಲ್ಲ ಆ ಮುಂಡೇದಕ್ಕ.”

ಗುಂಡಿ. ಹೊರಗಿನವರಿಗೆ ಹೇಳಬೇಕು. ಕದಿರಾಪುರದ ಮಗ್ಗದ ಮನೆಗಳಲ್ಲಿ ಕದ ಯಾರೂ ತಟ್ಟುವುದಿಲ್ಲ. ಹೊಸ್ತಿಲ ಪಕ್ಕ ಒಂದು ಗುಂಡಿ ಇರುತ್ತದೆ, ಒತ್ತಿದರೆ ಒಳಗೆ ಮಗ್ಗದ ಮೇಲೆ ಕೆಂಪು ದೀಪ ಹತ್ತುತ್ತದೆ. ಹಾಲಿನವಳು, ಬೀಗರು, ಭಿಕ್ಷುಕ, ಎಲ್ಲರೂ ಒತ್ತುತ್ತಾರೆ. ನಾನು ಹುಟ್ಟಿದ್ದೂ ಮಗ್ಗದ ಮನೆಯಲ್ಲೇ, ಸೇರಿದ್ದೂ ಮಗ್ಗದ ಮನೆಯನ್ನೇ. ಆ ಕಚೇರಿಯಲ್ಲಿ ಕೂತು ‘ಕದ ತಟ್ಟುವುದು’ ಎಂದು ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಗುಂಡಿ ಒತ್ತುವ ಬೆರಳು. ಬೇರೆ ಊರಿನವಳಾಗಿದ್ದರೆ, ಮಗ್ಗದೂರಿನಲ್ಲಿ ಕದ ತಟ್ಟಿದರೆ ಕೇಳುತ್ತದೆಯೇ ಎಂದು ಒಬ್ಬರನ್ನಾದರೂ ಕೇಳುತ್ತಿದ್ದೆ. ಊರಿನವಳಾದ್ದರಿಂದ ಕೇಳಲಿಲ್ಲ. ಯಂತ್ರ ಮಾತ್ರ ನಾನು ಬರೆದದ್ದನ್ನು ಬರೆದ ಹಾಗೆಯೇ ಮಾಡಿತು. ಕಿವುಡರೆಷ್ಟು ಎಂದು ತಿಳಿಯಲು ಕದ ತಟ್ಟಿ, ಕೇಳಿಸಿಕೊಂಡವರನ್ನು ಮಾತ್ರ ಎಣಿಸಿಕೊಂಡು ಬಂತು.

ಸೋಮವಾರ ನಸುಕಿಗೇ ಹೋಗಿ ಯಂತ್ರಗಳ ದಿನಚರಿ ಬಿಚ್ಚಿದೆ. ಎರಡು ಸಾವಿರದ ನಾನೂರರಲ್ಲಿ ಸಾವಿರದ ನಲವತ್ತು ಮನೆ ಬದಲಿ. ಬಲಗಡೆಯ ಮನೆ, ಅಲ್ಲಿಯೂ ಮಗ್ಗವಿದ್ದರೆ ಅದರ ಬಲಗಡೆಯ ಮನೆ, ಹೀಗೆ ಯಾರಾದರೂ ಕೇಳುವ ಕಿವಿಯವರು ಸಿಗುವ ತನಕ. ವರದಿಯಲ್ಲಿ ಇದಕ್ಕೊಂದು ಕಾಲಂ ಇರಬೇಕಿತ್ತು. ಎರಡು ವರ್ಷದ ಹಿಂದೆ ಇತ್ತು ಕೂಡ. ಓದುವವರಿಗೆ ಗಜಿಬಿಜಿ ಆಗುತ್ತದೆಂದು ತೆಗೆಸಿದವಳು ನಾನೇ.

ನಂಜರಾಜ ಅವರು ದಿನಚರಿಯನ್ನು ಎರಡು ಸಲ ನೋಡಿದರು. ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದರು.

“ಅಂತರ ಚೆನ್ನಾಗೇ ಬಂದಿದೆಯಲ್ಲ ಮೇಡಂ? ಇಷ್ಟು ಕಿರಿದು...”

“ಸರ್, ಮೇಲಿನ ಅಗಳನ್ನೇ ನೂರು ಹಿಚುಕಿದ್ರೂ ತಳ ಸೀದದ್ದು ತಿಳಿಯೋದಿಲ್ಲ. ನಾವು ತಪ್ಪು ಜಾಗವನ್ನ ಹೆಚ್ಚು ನಿಖರವಾಗಿ ತೋರಿಸಿದ್ದೀವಿ, ಅಷ್ಟೇ.”

“ನಾಲ್ಕು ಪಟ್ಟು ಕೇಳಿದ್ದೂ ನೀವೇ.”

“ನಾನೇ.”

“ಈಗ ಇದು ತಪ್ಪು ಅಂದ್ರೆ ಮಂಡಳಿ ಮೇಲೆ ಬರುತ್ತೆ. ಮಂಡಳಿ ಮೇಲೆ ಬಂದ್ರೆ ಇದೇ ನಿಯಮದಿಂದ ಅಳೆದ ಇನ್ನೂರು ಊರು ಬಂದು ಬಾಗಿಲಲ್ಲಿ ಕೂರುತ್ತೆ.” ದನಿ ಇಳಿಸಿದರು. “ಒಬ್ಬರ ವೈಯಕ್ತಿಕ ಅಜಾಗರೂಕತೆ ಅಂತಾದ್ರೆ, ನಿಮ್ಮೂರಿಗೆ ಮಾತ್ರ ವಿಶೇಷ ಮರುಸಮೀಕ್ಷೆ ಮಾಡಿಸಬಹುದು. ಒಂಬತ್ತು ತಿಂಗಳ ನಿಯಮ ಅದಕ್ಕೆ ಅಡ್ಡ ಬರಲ್ಲ.”

ಆಹಾ, ಸಕ್ಕರೆ! “ಎಲ್ಲಿ ಸಹಿ ಹಾಕಲಿ?” ಎಂದೆ. ಹನ್ನೊಂದು ವರ್ಷದ ಕೆಲಸ ಒಂದು ಸಹಿಗೆ ಮುಗಿಯಿತು. ಅದಕ್ಕಾಗಿ ನಾನು ಅಳಲಿಲ್ಲ. ಉಳಿದ ಇನ್ನೂರು ಊರುಗಳ ಬಾಯಿ ಮುಚ್ಚಲು ನಾನೂ ಕೈ ಸೇರಿಸಿದೆನಲ್ಲ, ಆ ನಾಚಿಕೆ ಈಗಲೂ ಇದೆ. ಆದರೆ ನನಗೆ ಆಗ ಬೇಕಾಗಿದ್ದದ್ದು ಒಂದೇ ಒಂದು ಕಿವಿ.

ಮರುಸಮೀಕ್ಷೆ ಡಿಸೆಂಬರಿನಲ್ಲಿ ನಡೆಯಿತು. ಈ ಸಲ ತಟ್ಟಣ್ಣಗಳಿಗೆ ಗುಂಡಿ ಒತ್ತಲು ಕಲಿಸಿದ್ದರು. ಮತ್ತೆ ಆರುನೂರೇ ಮನೆ. ಉತ್ತರ: ನೂರಕ್ಕೆ ಮೂವತ್ತೊಂದು. ಅಂತರ ಇಪ್ಪತ್ತೇಳರಿಂದ ಮೂವತ್ತೈದು. ಅಗಲವಾದ, ಒಡ್ಡೊಡ್ಡಾದ, ನಿಜವಾದ ಅಂತರ. ಹತ್ತು ಮಂದಿಯಲ್ಲಿ ಮೂರು ಎಂದು ರೊಟ್ಟಿ ಮುರಿಯುತ್ತಾ ಹೇಳಿದ್ದರಲ್ಲ, ಅದೇ.

ಕಿವಿಮಣಿಗಳು ಬಂದದ್ದು ಮಾರ್ಚಿ ತಿಂಗಳಲ್ಲಿ. ಆರೋಗ್ಯ ಕೇಂದ್ರದ ಮುಂದೆ ಸಾಲು. ಮಣಿ ಕೂರಿಸಿಕೊಂಡು ಹೊರಗೆ ಬಂದವರು ಕಾಗೆ ಕೂಗಿದ್ದಕ್ಕೂ ಬೆಚ್ಚಿ ನಗುತ್ತಿದ್ದರು. ನೇಯುವ ಸಂಗವ್ವ ತನ್ನ ಮೊಮ್ಮಗಳ ದನಿಯನ್ನು ಮೊದಲ ಸಲ ಕೇಳಿ “ಅಯ್ಯ, ಎಷ್ಟು ಕೀರಲು ಐತಿ” ಎಂದು ಬೈಯುತ್ತಾ ಅಳುತ್ತಿದ್ದಳು. ನಮ್ಮ ಸರದಿ ಬಂತು. ಡಾಕ್ಟರಮ್ಮ ಮಹಾರುದ್ರ ಅವರ ಬಲಗಿವಿಗೆ ಯಂತ್ರ ಹಿಡಿದರು. ಒಮ್ಮೆ ನೋಡಿದರು. ಇನ್ನೊಮ್ಮೆ ನೋಡಿದರು. ನರ ಇದೆಯೋ ಸತ್ತಿದೆಯೋ ಎನ್ನುವುದಷ್ಟೇ ಅಲ್ಲ, ಸತ್ತು ಎಷ್ಟು ದಿನವಾಯಿತೆಂದೂ ಆ ಯಂತ್ರ ಬರೆಯುತ್ತದೆ.

“ಯಾವಾಗ?” ಎಂದೆ.

“ಜನವರಿ ಕೊನೆ ವಾರ ಅಂತ ತೋರಸ್ತದ್ರಿ.”

ಜನವರಿ ಕೊನೆಯ ವಾರ. ಆರು ವಾರ ತಡ. ನಾನು ಬೇಡಿ ಪಡೆದದ್ದು ಒಂಬತ್ತು ತಿಂಗಳು.

ಮಹಾರುದ್ರ ನನ್ನ ಮುಖ ನೋಡಿದರು. ಕೇಳಬೇಕಾಗಿರಲಿಲ್ಲ, ತಿಳಿಯಿತು. ಎದ್ದು, ಹಿಂದೆ ನಿಂತಿದ್ದ ಮುದುಕನಿಗೆ “ಬಾರಪಾ, ನೀ ಕುಂದ್ರ” ಎಂದು ಕುರ್ಚಿ ಬಿಟ್ಟುಕೊಟ್ಟರು. ಹೊರಗೆ ಬರುವಾಗ ಎಡವಿದ್ದು ನಾನು. ಹಿಡಿದುಕೊಂಡದ್ದು ಅವರು.

ಆ ವಾರ ಇನ್ನೂ ಎಷ್ಟು ಮಂದಿ ಬರಿಗೈಲಿ ವಾಪಸಾದರು ಎಂದು ಮಂಡಳಿಯನ್ನು ಪತ್ರ ಬರೆದು ಕೇಳಿದೆ. ನಂಜರಾಜ ಅವರ ಉತ್ತರ ಬಂತು: ‘ಅಂದಾಜಿಸಲು ಮಾದರಿ ರೂಪಿಸಬಹುದು. ಮುಂದಿನ ಅವಕಾಶ ಒಂಬತ್ತು ತಿಂಗಳ ನಂತರ.’ ಪತ್ರವನ್ನು ಹರಿದು ಒಲೆಗೆ ಹಾಕಿದೆ. ಒಂದು ನೋಟುಬುಕ್ಕು ಹಿಡಿದು ಮೊದಲನೆಯ ಓಣಿಯ ಮೊದಲನೆಯ ಮನೆಗೆ ಹೋಗಿ ಗುಂಡಿ ಒತ್ತಿದೆ.

ಮೂರು ತಿಂಗಳು ಹಿಡಿಯಿತು. ಹನ್ನೊಂದು ಸಾವಿರ ಮನೆ, ಒಂದನ್ನೂ ಬಿಡಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಸಂಜೆ ಮತ್ತೆ ಹೋದೆ, ಸಂಜೆ ಇಲ್ಲದಿದ್ದರೆ ಮರುದಿನ ಹೋದೆ. ಬಲಗಡೆಯ ಮನೆಗೆ ಅದರದೇ ಸರದಿ ಬಂದಾಗ ಮಾತ್ರ ಹೋದೆ. ನರ ಸತ್ತ ದಿನ ಬರೆದು ಡಾಕ್ಟರಮ್ಮ ಕೊಟ್ಟ ಚೀಟಿ ತೋರಿಸಿ ಎನ್ನುತ್ತಿದ್ದೆ. ನಾನು ಮೊದಲ ಸಮೀಕ್ಷೆ ಮಾಡಿದ ದಿನ ಬದುಕಿದ್ದು, ಮಣಿ ಬರುವ ಮೊದಲು ಸತ್ತ ನರಗಳನ್ನು ಬರೆದುಕೊಳ್ಳುತ್ತಿದ್ದೆ. ಹೆಸರು ಸಮೇತ. “ಪೊಲೀಸರು ಒಯ್ತಾರ ನೋಡವಾ” ಎಂದು ನೀಲವ್ವ ಹೆದರಿಸಿದಳು. ಒಯ್ಯಲಿ. ಕೆಲವರು ಚಹಾ ಕೊಟ್ಟರು. ಒಬ್ಬಾಕೆ, “ಇದನ್ನ ಬರಕೊಂಡು ಹೋದ್ರ ಕಿವಿ ಬರತೈತೇನ?” ಎಂದು ಕೇಳಿದಳು. ಇಲ್ಲ ಎಂದೆ. “ಮತ್ಯಾಕ ಬರಕೋತಿ?” ಎಂದಳು. ಅವಳ ಹೆಸರು ಬರೆದುಕೊಂಡು ಮುಂದಿನ ಮನೆಯ ಗುಂಡಿ ಒತ್ತಿದೆ.

ಕೊನೆಗೆ ಉಳಿದದ್ದು ನಮ್ಮ ಮನೆ. ಉಳಿದವರಿಗೆ ಕೇಳಿದ ಹಾಗೆಯೇ ಸ್ಲೇಟಿನ ಮೇಲೆ ಬರೆದು ಕೇಳಿದೆ, ಚೀಟಿ ತೋರಿಸಿ ಎಂದು. ಮಹಾರುದ್ರ ಜೇಬಿನಿಂದ ತೆಗೆದು ಕೊಟ್ಟರು. ಅವರ ಹೆಸರು ಬರೆದೆ. ಕೂಡಿದೆ. ಪುಟ ತಿರುಗಿಸಿ ಅವರ ಮುಂದೆ ಹಿಡಿದೆ.

“ನಾನೂರಾ ಹನ್ನೆರಡು” ಎಂದು ಅವರು ಓದಿದರು. ತಮ್ಮ ದನಿ ತಮಗೆ ಕೇಳದ್ದರಿಂದ ಈಗ ಬಹಳ ಗಟ್ಟಿಯಾಗಿ ಮಾತಾಡುತ್ತಾರೆ, ಓಣಿಯ ತುದಿಗೆ ಕೇಳುತ್ತದೆ. “ಹೆಚ್ಚು ಕಮ್ಮಿ ಎಷ್ಟು?”

ಹನ್ನೊಂದು ವರ್ಷ ಊಟದ ಹೊತ್ತಿಗೆ ನನ್ನ ಬಾಯಲ್ಲಿ ಕೇಳಿ ಕೇಳಿ ಕಲಿತ ಪ್ರಶ್ನೆ ಅದು. ಸ್ಲೇಟು ಒರೆಸಿ ಬರೆದೆ: ‘ಹೆಚ್ಚಿಲ್ಲ, ಕಮ್ಮಿ ಇಲ್ಲ. ಎಲ್ಲರನ್ನೂ ಎಣಿಸಿದೆ.’

ಅವರು ಅದನ್ನು ನಿಧಾನವಾಗಿ ಓದಿದರು. ಹಂಗಿಸುವ ಮನುಷ್ಯನಲ್ಲ ಅವರು. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದರು:

“ಮೂರು ತಿಂಗಳದಾಗ ಆಗೂದಿತ್ತೇನ ಸುಗಂಧಿ? ಹಂಗಾರ ಅವತ್ತ ಯಾಕ ಎಣಿಸಲಿಲ್ಲ?”

ಓಣಿಯಲ್ಲಿ ಎಲ್ಲರಿಗೂ ಕೇಳಿಸಿತು. ಕಾನೂನು ಎಂದು ಬರೆಯಲು ಹೋದೆ, ಅರ್ಧಕ್ಕೆ ನಿಲ್ಲಿಸಿದೆ. ಸ್ಲೇಟು ಒರೆಸಿ, ‘ನಿಮ್ಮ ಮಾತು ನಂಬಲಿಲ್ಲ’ ಎಂದು ಬರೆದು ಅವರ ಕೈಗೆ ಕೊಟ್ಟೆ.